ಮಡ್ಡಿ ಮ್ಯಾಲಿನ ಅಳತಿ

ಅಕ್ಕಲಕೋಟ
16 ಜೂನ್ 2024

ಮಯೂರಿಗೆ ಕಸ್ತೂರಬಾಯಿಯ ಆಶೀರ್ವಾದ.

ಅತ್ತಿ ಪತ್ರ ಬರದಾಳಂತ ಗಾಬರಿ ಆಗಬ್ಯಾಡ. ಇಲ್ಲಿ ಯಾರಿಗೂ ಏನೂ ಆಗಿಲ್ಲ. ಹೋದ ಚಳಿಗಾಲದ ಜ್ವರದಾಗ ನನ್ನ ಎರಡೂ ಕಿವಿ ಪೂರಾ ಹ್ವಾದದ್ದು ನಿನಗ ಗೊತ್ತೈತಿ. ಮಷೀನ್ ಹಾಕ್ಕೊಂಡ್ರ ಹಿಟ್ಟಿನ ಗಿರಣಿಯೊಳಗ ಕುಂತಂಗ ಗರಗರ ಅಂತೈತಿ, ಮಾತು ತಿಳಿಯೂದಿಲ್ಲ. ಫೋನಿನ ಉಪಯೋಗ ಇಲ್ಲ. ಮೊಬೈಲದಾಗ ಬರಿ ಅಂದ್ರ ನಿನ್ನ ಗಂಡ ಯೋಗಿರಾಜ ಮರಾಠಿ ಬರೀತಾನ, ಅದೂ ಇಂಗ್ಲಿಷ್ ಅಕ್ಷರದಾಗ. ಆ ಮೊಬೈಲರ ನನ್ನ ಕೈಯಾಗ ಎಲ್ಲಿರತೈತಿ, ಮನಿಮಂದಿ ಎಲ್ಲಾರ ಕೈಯಾಗ ತಿರಗತೈತಿ. ಈ ಮನಿಗೆ ಬಂದ ಸೊಸ್ತೇರೊಳಗ ಕನ್ನಡ ಸಾಲಿ ಕಲತಾಕಿ ನೀ ಒಬ್ಬಾಕಿ. ಅದಕ್ಕ ನಿನಗ ಬರೀತೀನಿ.

ವಿಷಯ ಏನಂದ್ರ, ನಿನ್ನಿ ಬೀಗರು ಬಂದಿದ್ರು. ಊಟಕ್ಕ ಕುಂತಾಗ ನಿಮ್ಮ ದೊಡ್ಡಮಾವ ಶಾಂತಲಿಂಗಪ್ಪನವರು ನಿನ್ನ ಸುದ್ದಿ ತಗದ್ರು. ತುಟಿ ನೋಡಿ ನನಗ ಅಷ್ಟು ತಿಳೀತು. “ಸೊಲ್ಲಾಪುರದ ಸೊಸಿ ಮಾಳಿಗಿ ಮ್ಯಾಲಿನ ಟೀವಿ ಕಡ್ಡಿ ಮಾಡತಾಳ” ಅಂದ್ರು, ಎಲ್ಲಾರೂ ನಕ್ಕರು. ನಿಮ್ಮ ಮಾವ ತೀರಿಕೊಂಡ ಮ್ಯಾಲ ಇಲ್ಲಿಯ ದುಕಾನ, ಮನಿ ಎರಡೂ ಅವರ ಹೇಳಿಕಿ ಮ್ಯಾಲ ನಡೀತಾವ, ಅವರು ನಕ್ಕರ ಎಲ್ಲಾರೂ ನಗತಾರ. ನನಗ ಸಿಟ್ಟು ಬಂತು. ಆದ್ರ ನೀ ಖರೇನ ಏನ ಮಾಡ್ತಿ ಅಂತ ನನಗೂ ಗೊತ್ತಿಲ್ಲ, ಹೊಳ್ಳಿ ಏನ ಹೇಳಲಿ?

ಅದನ್ನ ಬರದು ಕಳಸು. ಸಂಜಿ ತಡಾ ಮಾಡಿ ಬರ್ತಿ, ಊಟಕ್ಕ ನೆಟ್ಟಗ ಕುಂದ್ರೂದಿಲ್ಲ ಅಂತ ಯೋಗಿರಾಜ ಹೇಳ್ಯಾನ. ಇದನ್ನೆಲ್ಲಾ ಒಂದು ಹಾದಿಗೆ ಹಚ್ಚಬೇಕು ನೋಡು.

ಕಸ್ತೂರಬಾಯಿ


ಸೊಲ್ಲಾಪುರ
27 ಜೂನ್ 2024

ಅತ್ತಿಯವರಿಗೆ ಮಯೂರಿಯ ನಮಸ್ಕಾರಗಳು.

ನಿಮ್ಮ ಪತ್ರ ಮುಟ್ಟಿತ್ರಿ. ಕನ್ನಡ ಬರೀದ ಬಾಳ ವರ್ಷ ಆಗ್ಯಾವ, ತಪ್ಪಿದ್ರ ತಿದ್ದಿಕೊಂಡು ಓದ್ರಿ.

ನಾ ಕೆಲಸ ಮಾಡೂದು ಎಂಐಡಿಸಿ ಕೈಗಾರಿಕಾ ವಸಾಹತಿನೊಳಗಿನ ಒಂದು ಸಣ್ಣ ಕಾರ್ಖಾನಿಯಾಗ. ಪುಣೆಯ ಒಂದು ದೊಡ್ಡ ಕಂಪನಿ ರಡಾರ್ ಮಾಡತೈತಿ, ಅದರ ಆಂಟೆನಾ ನಾವು ಮಾಡಿ ಕೊಡಬೇಕು. ರಡಾರ್ ಅಂದ್ರ ಆಕಾಶಾ ಕಾಯೂ ಯಂತ್ರ. ಅದು ತರಂಗ ಬಿಡತೈತಿ. ದೂರದಾಗ ಕಳ್ಳ ಡ್ರೋನ್ ಹಾರಾಕತ್ತಿದ್ರ ತರಂಗ ಅದಕ್ಕ ಬಡದು ಹೊಳ್ಳಿ ಬರತಾವ. ಅವನ್ನ ಹಿಡಿಯೂದು ಆಂಟೆನಾ. ರಡಾರಿನ ಕಿವಿ ಅಂತ ತಿಳೀರಿ. ಹಿಂಗ ಬರದದ್ದಕ್ಕ ತಪ್ಪ ತಿಳಕೋಬ್ಯಾಡ್ರಿ, ಬ್ಯಾರೆ ಮಾತು ಸಿಗಲಿಲ್ಲ.

ತರಂಗದೊಳಗ ಉದ್ದನ್ನವೂ ಇರತಾವ, ಗಿಡ್ಡನ್ನವೂ ಇರತಾವ. ಎಲ್ಲಾನೂ ಹಿಡಿಯೂ ಆಂಟೆನಾಕ್ಕ ವೈಡ್‌ಬ್ಯಾಂಡ್ ಅಂತಾರ. ಉದ್ದ ತರಂಗ ಹಿಡೀಬೇಕಂದ್ರ ಆಂಟೆನಾನೂ ದೊಡ್ಡದಿರಬೇಕು. ಆದ್ರ ಪುಣೆಯವರಿಗೆ ಅಂಗೈ ಅಗಲದ್ದ ಬೇಕು, ಒಂದ ಕಂಬದ ಮ್ಯಾಲ ಇಂಥಾವು ಬಾಳ ಕುಂದ್ರಿಸಬೇಕು ಅಂತ. ಸಣ್ಣದೂ ಆಗಬೇಕು, ಉದ್ದ ತರಂಗಾನೂ ಬಿಡಬಾರದು. ಇದ ನನ್ನ ಕೆಲಸ. ತಾಮ್ರದ ತಗಡಿನ ಅಂಚಿಗೆ ಸೀಳು ಕೊರದ್ರ ಕರೆಂಟು ಸುತ್ತು ಹಾಕಿ ಹೋಗತೈತಿ. ತಗಡು ಇದ್ದಷ್ಟ ಇರತೈತಿ, ಹಾದಿ ಉದ್ದಾಗತೈತಿ. ಯಾವ ಸೀಳು ಎಲ್ಲಿ, ಎಷ್ಟು ಆಳ ಅಂತ ಲೆಕ್ಕಾ ಹಾಕೂದ್ರಾಗ ಸಂಜಿ ಆಗಿದ್ದು ತಿಳಿಯೂದಿಲ್ಲ.

ಎಲ್ಲಾ ಸುರಳೀತ ನಡದೈತ್ರಿ. ಇಷ್ಟರಾಗ ಹಾದಿಗೆ ಹತ್ತತೈತಿ. ಕಾಳಜಿ ಮಾಡಬ್ಯಾಡ್ರಿ.

ನಿಮ್ಮ ಸೊಸಿ
ಮಯೂರಿ


ಅಕ್ಕಲಕೋಟ
8 ಜುಲೈ 2024

ಮಯೂರಿಗೆ ಆಶೀರ್ವಾದ.

ಕಿವಿ ಅಂತ ಬರದದ್ದಕ್ಕ ತಪ್ಪೇನೈತಿ? ಓದಿ ನನಗ ಚಲೋ ಅನಿಸ್ತು. ನನ್ನ ಕಿವಿ ಹ್ವಾದದ್ದೂ ಹಿಂಗ. ಜ್ವರಕ್ಕಿಂತ ಮೊದಲ ನಾಕೈದು ವರ್ಷದಿಂದ ಸಣ್ಣ ಸಪ್ಪಳ ಒಂದೊಂದ ಹೋಗಾಕತ್ತಿದ್ವು. ಗುಬ್ಬಿ ಹ್ವಾದ್ವು, ಬಳಿ ಸಪ್ಪಳ ಹ್ವಾತು, ಕುಕ್ಕರಿನ ಶಿಟ್ಟಿ ಹ್ವಾತು. ಲಾರಿ, ಗುಡುಗು, ನಿಮ್ಮ ದೊಡ್ಡಮಾವನ ದನಿ ಇಷ್ಟು ಉಳದಿದ್ವು. ನಿನ್ನ ಆಂಟೆನಾದ್ದು ಇದಕ್ಕ ಉಲ್ಟಾ, ಅದಕ್ಕ ದಪ್ಪನ್ನವು, ಅಂದ್ರ ಉದ್ದ ತರಂಗ, ಸಿಗವಲ್ಲವು.

ನಿನ್ನ ಪತ್ರ ಊಟದ ಹೊತ್ತಿನ್ಯಾಗ ಎಲ್ಲಾರಿಗೂ ಓದಿ ಹೇಳಿದೆ. ದೊಡ್ಡಮಾವ ರೊಟ್ಟಿ ಮುರಕೊಂತ ಕೇಳಿದ್ರು. ಆಮ್ಯಾಲ ನನಗ ತಿಳೀಲಂತ ಬೆರಳು ಮಾಡಿ ಮಾಡಿ ಹೇಳಿದ್ರು. ಶ್ರಾವಣದಾಗ ಸ್ವಾಮಿ ಸಮರ್ಥರ ಮಠಕ್ಕ ಬರೂ ಮಂದಿ ಬಾಳ, ಚಾದರ, ಟಾವೆಲ್ ಮಾರಾಟ ಬಾಳ, ರೊಕ್ಕಾ ಎಣಿಸೂ ಗಲ್ಲೇದ ಮ್ಯಾಲ ಮನಿಯವರ ಬೇಕು, ಸೊಲ್ಲಾಪುರದ ಸೊಸಿ ನೌಕರಿ ಬಿಟ್ಟು ಇಲ್ಲಿ ಬಂದು ಕುಂದ್ರಲಿ ಅಂತ.

ನಾ ಏನ ಹೇಳಬೇಕೋ ಹೇಳೀನಿ.

ಮಳಿ ಇನ್ನಾ ಚಲೋ ಹಿಡದಿಲ್ಲ. ಆರೋಗ್ಯ ನೋಡಿಕೋ.

ಕಸ್ತೂರಬಾಯಿ


ಸೊಲ್ಲಾಪುರ
20 ಆಗಸ್ಟ್ 2024

ಅತ್ತಿಯವರಿಗೆ ನಮಸ್ಕಾರ.

ಉತ್ತರ ಬರಿಯೂದು ತಡಾ ಆತು. ಶ್ರಾವಣ ಅರ್ಧಾ ಮುಗೀತು, ನಾ ದುಕಾನಕ್ಕ ಬರಲಿಲ್ಲ. ನಿಮಗ ಸಿಟ್ಟ ಬಂದಿರಬೇಕು. ಕಾರ್ಖಾನಿಯೊಳಗ ಕೆಲಸ ಬಾಳ ಐತ್ರಿ, ರಜಾ ಸಿಗೂದಿಲ್ಲ. ದೊಡ್ಡಮಾವ ಹೇಳಿದ್ದಕ್ಕ ನೀವು ಒಪ್ಪಿಕೊಂಡೀರಿ ಅಂತ ತಿಳದೀನಿ, ಆದ್ರ ನನ್ನ ಕೈಲೆ ಆಗೂದಿಲ್ಲ. ಈ ಮಾತು ಹೇಳಾಕ ಬಾಳ ದಿನದಿಂದ ಅಂಜಾಕತ್ತಿದ್ದೆ. ಹೇಳಿಬಿಟ್ಟೀನಿ.

ಮಯೂರಿ


ಅಕ್ಕಲಕೋಟ
29 ಆಗಸ್ಟ್ 2024

ಮಯೂರಿಗೆ.

ಮೊನ್ನಿ ಯೋಗಿರಾಜ ಮಾಲಿನ ಟೆಂಪೋ ಕೂಡ ಬಂದಿದ್ದ. ನಿನ್ನ ಪತ್ರ ಅಂವಗ ತೋರಿಸಿ, “ಪಾಪ, ಹುಡುಗಿಗೆ ರಜಾ ಸುದ್ದಾ ಕೊಡೂದಿಲ್ಲೇನೋ” ಅಂದೆ. ಅಂವ ಮಾರಿ ತಿರುವಿದ. ನನಗ ಕಿವಿ ಇಲ್ಲ, ಕಣ್ಣ ಅದಾವ. ಭುಜ ಹಿಡದು ಕೇಳಿದೆ. ನೀ ಕೆಲಸ ಬಿಟ್ಟು ತಿಂಗಳ ಮ್ಯಾಲಾತಂತ.

ಇಲ್ಲದ ಕಾರ್ಖಾನಿಯೊಳಗ ರಜಾ ಯಾರ ಕೊಡಬೇಕಾಗಿತ್ತು? ನನಗ ಸುಳ್ಳ ಬರೀಬ್ಯಾಡ. ಮಾತು ಕೇಳಸದಾಕಿಗೆ ಸುಳ್ಳ ಬರದ್ರ ಅಕಿ ಮತ್ತ ಯಾವುದನ್ನ ನಂಬಬೇಕು?

ಇನ್ನೊಂದು. ಹೇಳಬೇಕಾದ್ದು ಹೇಳೀನಿ ಅಂತ ಬರದದ್ದನ್ನ ನೀ ಏನಂತ ತಿಳದಿ? “ನನ್ನ ಸೊಸಿ ಬರೂದಿಲ್ಲ” ಅಂತ ಹೇಳೀನಿ. ಅವತ್ತಿನಿಂದ ಈ ಮನಿಯಾಗ ನನ್ನ ಕೂಡ ಯಾರೂ ಮಾತಾಡೂದಿಲ್ಲ, ಕೈ ಸನ್ನಿ ಸುದ್ದಾ ಮಾಡೂದಿಲ್ಲ. ನೀ ಅಂಜಬಾರದಂತ ನಾ ಅದನ್ನ ಬರೀಲಿಲ್ಲ. ನನ್ನದೂ ತಪ್ಪೈತಿ.

ಏನ ಆತು, ಪೂರಾ ಬರಿ.

ಕಸ್ತೂರಬಾಯಿ


ಸೊಲ್ಲಾಪುರ
4 ಸೆಪ್ಟೆಂಬರ್ 2024

ಅತ್ತಿ,

ನಿಮ್ಮ ಪತ್ರ ಮೂರ ಸಲ ಓದಿದೆ. ನೀವು ನನ್ನ ಸಂಬಂಧ ಮನಿಯಾಗ ಒಬ್ಬರ ಆಗಿದ್ದು ನನಗ ಗೊತ್ತಿರಲಿಲ್ರಿ. ಸುಳ್ಳ ಬರದದ್ದಕ್ಕ ನಾಚಿಕಿ ಆಗೈತಿ. ಈಗ ಎಲ್ಲಾ ಬರೀತೀನಿ.

ಜೂನ್ ತಿಂಗಳಾಗ ಮಾಡಿದ ಮಾದರಿ ಉದ್ದ ತರಂಗದ ಕಡಿ ಸೋಲಾಕತ್ತಿತ್ತು. ಆಂಟೆನಾಕ್ಕ ತರಂಗ ಕೊಟ್ಟು ಪರೀಕ್ಷಾ ಮಾಡತಾರ. ಅದು ಒಪ್ಪಿಕೊಳ್ಳದ ಪಾಲು ಯಂತ್ರಕ್ಕ ಹೊಳ್ಳಿ ಬರತೈತಿ. ಎಷ್ಟು ಕಡಿಮಿ ಹೊಳ್ಳಿ ಬಂದ್ರ ಅಷ್ಟು ಚಲೋ ಅಂತ ಪುಣೆಯವರ ಕರಾರಿನಾಗ ಐತಿ. ನಂದು ಅರ್ಧಕ್ಕರ್ಧಾ ಹೊಳ್ಳಿ ಕಳಸತಿತ್ತು. ಇನ್ನೊಂದಿಷ್ಟು ದಿನ ಕೊಡ್ರಿ, ಸೀಳಿನ ಆಕಾರ ಬದಲಿ ಮಾಡತೀನಿ ಅಂತ ಮಾಲಕರಿಗೆ ಕೇಳಿದೆ. ಮಾಲಕರ ಹೆಸರು ಅಮೋಲ. ಅವರು ಒಂದಿನ ಬಂದು ತಗಡಿನ ಹಿಂದ ಕರೇ ಫೋಮ್ ಅಂಟಿಸಿದ್ರು. ತರಂಗ ನುಂಗೂ ಫೋಮ್ ಅದು. ಅಳದು ನೋಡಿದ್ರ ಹೊಳ್ಳಿ ಏನೂ ಬರಲಿಲ್ಲ. ಎಲ್ಲಾರೂ ಚಪ್ಪಾಳಿ ತಟ್ಟಿದ್ರು.

“ಸರ್, ಇದು ತರಂಗ ಹಿಡದಿಲ್ಲ, ನುಂಗಿಬಿಟ್ಟೈತಿ” ಅಂದೆ.

“ಹೊಳ್ಳಿ ಬರಬಾರದು ಅಂತ ಕರಾರು. ಬಂದಿಲ್ಲ. ಸಹಿ ಮಾಡು.”

“ರಡಾರಿಗೆ ಹಚ್ಚಿದ್ರ ದೂರದ ಡ್ರೋನ್ ಕಾಣಸೂದಿಲ್ರಿ.”

“ಅದು ಪುಣೆಯವರ ಚಿಂತಿ.”

“ಸಹಿ ನಂದೈತಲ್ರಿ.”

ಅವರಿಗೆ ಸಿಟ್ಟು ಬಂತು. ದುಕಾನದವರ ಮನಿ ಸೊಸಿ, ನಿನಗ ಈ ಪಗಾರದ ಗರಜು ಇಲ್ಲ, ನನ್ನ ಕಡಿ ಕೆಲಸಾ ಮಾಡೂ ಮಂದಿಗೆ ಐತಿ, ಅವರ ಹೊಟ್ಟಿ ಮ್ಯಾಲ ಕಾಲಿಡಬ್ಯಾಡ ಅಂದ್ರು. ಆ ಮಾತು ನನಗ ನಟ್ಟಿತು, ಅದರಾಗ ಖರೆ ಇತ್ತು. ಅಂದ್ರೂ ಸಹಿ ಮಾಡಲಿಲ್ಲ. ಲ್ಯಾಬಿನ ಕೀಲಿ ಅವರ ಟೇಬಲ್ ಮ್ಯಾಲ ಇಟ್ಟು ಬಂದೆ. ನನ್ನ ಜಾಗಾಕ್ಕ ಇನ್ನೊಬ್ಬರ ಸಹಿ ಮಾಡಿಸ್ಯಾರಂತ.

ಅಲ್ಲಿಂದ ಒಂದು ತುಂಡು ಕಾಗದಾನೂ ತಂದಿಲ್ಲ. ಹೊಸಾ ಲೆಕ್ಕಾ ಹಾಕಿ ಬ್ಯಾರೆ ಆಕಾರದ್ದು ಮಾಡೀನಿ. ಈಗ ಇಲ್ಲಿ ಸೊಲ್ಲಾಪುರದ ನಮ್ಮ ದುಕಾನದ ಮ್ಯಾಲಿನ ಖೋಲಿಯೊಳಗ, ಚಾದರದ ಗಂಟುಗಳ ನಡುವ ಕುಂತು ಸೀಳು ಕೊರೀತೀನಿ. ಯೋಗಿರಾಜ ಬ್ಯಾಡ ಅನ್ನೂದಿಲ್ಲ, ಹೂಂ ಅಂತಾನೂ ಅನ್ನೂದಿಲ್ಲ. ಬೇಕಾದ್ದು ಒಂದ, ಬಯಲು ಜಾಗಾ. ಎರಡು ಬಿದಿರಿನ ಗಳಾ ನಿಂದ್ರಿಸಿ, ಒಂದರಿಂದ ತರಂಗ ಬಿಟ್ಟು ಇನ್ನೊಂದರ ಮ್ಯಾಲ ನನ್ನ ಆಂಟೆನಾ ಎಷ್ಟು ಹಿಡೀತೈತಿ ಅಂತ ಅಳೀಬೇಕು. ಅದಕ್ಕ ಗೇನ್ ಅಂತಾರ. ಗ್ವಾಡಿ, ಕಬ್ಬಿಣ, ತಂತಿ ಹತ್ತರ ಇರಬಾರದು. ಇದ್ರ ತರಂಗ ಅದಕ್ಕ ಬಡದು ಅಳತಿ ಕೆಡತೈತಿ. ಸೊಲ್ಲಾಪುರದಾಗ ಅಂಥಾ ಜಾಗಾ ನನಗ ಸಿಕ್ಕಿಲ್ಲ.

ಪುಣೆಯವರಿಗೆ ಬರದೀನಿ, ಗೇನ್ ಸುದ್ದಾ ಅಳದು ನೋಡ್ರಿ ಅಂತ. ಉತ್ತರ ಬಂದಿಲ್ಲ. ಮತ್ತ ಬರೀತೀನಿ.

ಮಯೂರಿ


ಅಕ್ಕಲಕೋಟ
14 ಸೆಪ್ಟೆಂಬರ್ 2024

ಮಯೂರಿಗೆ ಆಶೀರ್ವಾದ.

ಫೋಮಿನ ಸುದ್ದಿ ಓದಿದೆ. ಆ ಆಂಟೆನಾ ನನಗ ಗುರ್ತೈತಿ. ಕಿವಿ ಹೋಗಾಕತ್ತಿದ ಹೊಸದಾಗ ನಾನೂ ಹಂಗ ಮಾಡತಿದ್ದೆ. ಮಂದಿ ಏನರ ಅಂದ್ರ ಹೌದ ಹೌದಂತ ತಲಿ ಅಲ್ಲಾಡಿಸತಿದ್ದೆ. ಕಸ್ತೂರಬಾಯಿಗೆ ಎಲ್ಲಾ ಕೇಳಸತೈತಿ ಅಂತ ಅವರಿಗೂ ಸಮಾಧಾನ, ನನಗೂ ಮಾನ ಉಳೀತು ಅಂತ ಸಮಾಧಾನ. ಒಮ್ಮೆ ಒಬ್ಬಾಕಿ ತನ್ನ ಮಗಾ ತೀರಿದ್ದು ಹೇಳಾಕತ್ತಿದ್ಳು, ನಾ ನಕ್ಕೋಂತ ತಲಿ ಅಲ್ಲಾಡಿಸಿದೆ. ಅಕಿ ಮಾರಿ ನೋಡಿದ ಮ್ಯಾಲ ನನಗ ಏನ ಆತಂತ ತಿಳೀತು. ಅವತ್ತಿನಿಂದ ತಿಳೀಲಿಲ್ಲಂದ್ರ ತಿಳೀಲಿಲ್ಲ ಅಂತೀನಿ. ನೀ ಸಹಿ ಮಾಡದ ಬಂದದ್ದು ಬರೋಬ್ಬರಿ ಆತು.

ಜಾಗಾದ ಚಿಂತಿ ಬಿಡು. ಮೈಂದರಗಿ ರಸ್ತೇಕ ನನ್ನ ಮಡ್ಡಿ ಐತಿ, ನಮ್ಮಪ್ಪ ನನ್ನ ಹೆಸರಲೆ ಮಾಡಿದ್ದು. ಕಲ್ಲು ನೆಲಾ, ಏನೂ ಬೆಳಿಯೂದಿಲ್ಲ, ಗಿಡಾ ಇಲ್ಲ, ಗ್ವಾಡಿ ಇಲ್ಲ, ಲೈಟಿನ ಕಂಬ ಇಲ್ಲ. ಕುರುಬರ ಬೀರವ್ವ ಕುರಿ ಮೇಯಿಸತಾಳ, ಅಷ್ಟ. ದೊಡ್ಡಮಾವ ಅಲ್ಲಿ ಯಾತ್ರಿಕರ ಸಲುವಾಗಿ ಲಾಡ್ಜ್ ಕಟ್ಟಬೇಕಂತ ಎರಡು ವರ್ಷದಿಂದ ಸಹಿ ಕೇಳಾಕತ್ಯಾರ. ನಿನ್ನಂಗ ನಾನೂ ಸಹಿ ಮಾಡಿಲ್ಲ.

ದಸರಾ ಮುಗೀಲಿ, ಮಳಿ ಹೋಗಲಿ. ಅಕ್ಟೋಬರ್ 27, ಐತವಾರ ಬಾ. ನಾನೂ ಬಂದು ನಿಂದರತೀನಿ.

ಕಸ್ತೂರಬಾಯಿ


ಸೊಲ್ಲಾಪುರ
17 ಅಕ್ಟೋಬರ್ 2024

ಅತ್ತಿಯವರಿಗೆ ನಮಸ್ಕಾರ.

ಗಡಬಡಿಯೊಳಗ ಬರಿಯಾಕತ್ತೀನಿ. ನಾ ಕಲತ ಕಾಲೇಜಿನವರು ಅಳತಿಯಂತ್ರ ಎರವಲು ಕೊಡಾಕ ಒಪ್ಯಾರ, ಆದ್ರ ಇದ ಐತವಾರ, 20ಕ್ಕ ಅಷ್ಟ. ಆಮ್ಯಾಲ ಪರೀಕ್ಷಾ ಅದಾವಂತ. ಅದಕ್ಕ 27ರ ಬದಲಿ 20ಕ್ಕ ಬರ್ತೀವ್ರಿ. ಯೋಗಿರಾಜನೂ ಬರ್ತಾರ. ಮುಂಜಾನಿ ಸೀದಾ ಮಡ್ಡಿಗೆ ಬರ್ತೀವಿ, ನೀವು ಅಲ್ಲಿಗೇ ಬರ್ರಿ.

ಮಯೂರಿ


ಸೊಲ್ಲಾಪುರ
21 ಅಕ್ಟೋಬರ್ 2024

ಅತ್ತಿಯವರಿಗೆ.

ನಿನ್ನಿ ಮಡ್ಡಿಗೆ ಹೋಗಿದ್ವಿ. ನೀವು ಇರಲಿಲ್ಲ. ಮಡ್ಡಿ ಸುತ್ತೂ ಕಬ್ಬಿಣದ ಆ್ಯಂಗಲ್ ನಟ್ಟು ಮುಳ್ಳತಂತಿ ಎಳದಿದ್ರು. ಹೊಸಾ ತಂತಿ, ಬಿಸಲಾಗ ಹೊಳಿಯಾಕತ್ತಿತ್ತು. ಯೋಗಿರಾಜ ದೊಡ್ಡಮಾವಗ ಫೋನ್ ಮಾಡಿ ಕೇಳಿದ್ರು. “ನಿಮ್ಮವ್ವನ ಹಾಕಿಸ್ಯಾಳ, ಅಕಿನ್ನ ಕೇಳು” ಅಂದ್ರಂತ.

ಅಷ್ಟು ತಂತಿ ನಡುವ ಅಳದ್ರ ಏನೂ ಉಪಯೋಗಿಲ್ಲ. ಯಂತ್ರ ಪೆಟ್ಟಿಗಿಯಿಂದ ಹೊರಗ ತಗೀಲಿಲ್ಲ, ಹೊಳ್ಳಿ ಬಂದ್ವಿ. ತಂತಿ ಇರಬಾರದು ಅಂತ ನಾನ ನಿಮಗ ಬರದಿದ್ದೆ. ಜಾಗಾ ಕೊಡಾಕ ಮನಸಿಲ್ಲಂದ್ರ ಒಂದು ಸಾಲು ಬರದಿದ್ರ ಸಾಕಾಗಿತ್ತು. ನಿಮಗ ತೊಂದ್ರಿ ಕೊಟ್ಟೆ, ಇನ್ನ ಕೊಡೂದಿಲ್ಲ. ಬ್ಯಾರೆ ಜಾಗಾ ಹುಡುಕತೀನಿ. ಯಾರೂ ಕೊಡಲಿಲ್ಲಂದ್ರ ಸಿದ್ಧೇಶ್ವರ ಕೆರಿ ದಂಡಿ ಮ್ಯಾಲ ನಿಂತಾರೂ ಅಳೀತೀನಿ, ಬಿಡೂದಿಲ್ಲ.

ಮಯೂರಿ


ಅಕ್ಕಲಕೋಟ
26 ಅಕ್ಟೋಬರ್ 2024

ಮಯೂರಿಗೆ.

ಎಡಗೈಯಿಂದ ಕಾಗದಾ ಒತ್ತಿ ಹಿಡಿಯಾಕ ಬರವಲ್ಲದು, ಅಕ್ಷರ ಸೊಟ್ಟ ಆಗ್ಯಾವ. ಅಂದ್ರೂ ಪೂರಾ ಓದು.

ತಂತಿ ನಾ ಹಾಕಿಸಿಲ್ಲ. 27ಕ್ಕ ನೀವು ಬರ್ತೀರಿ ಅಂತ ತಿಳದು, ನಾ ಶುಕ್ರವಾರ ಕಲಬುರ್ಗಿಗೆ ತಂಗಿಯ ಬಸರಿ ಮಗಳ ಕುಬಸಕ್ಕ ಹೋಗಿದ್ದೆ. ನೀ 20ಕ್ಕ ಬರ್ತೀನಂತ ಬರದ ಪತ್ರ ಶನಿವಾರ ಬಂದು ಕಟ್ಟಿ ಮ್ಯಾಲ ಬಿದ್ದಿತ್ತು. ನಾ ಇಲ್ಲದ್ದು ನೋಡಿ ನಿಮ್ಮ ದೊಡ್ಡಮಾವ ಆಳು ಹಚ್ಚಿ ಮಡ್ಡಿಗೆ ಬೇಲಿ ಹಾಕಿಸ್ಯಾರ, ಮುಂದ ಲಾಡ್ಜಿನ ಪಾಯಾ ತಗಿಯಾಕ. ಕಲಬುರ್ಗಿಯಿಂದ ಹೊಳ್ಳಿ ಬಂದ ಮ್ಯಾಲ ನಿನ್ನ ಎರಡೂ ಪತ್ರ ಕೂಡೇ ಓದಿದೆ. ನೀ ನನ್ನ ಮ್ಯಾಲ ಸಂಶೇ ಪಟ್ಟದ್ದು ಒಂದು ಗಳಿಗಿ ಬ್ಯಾಸರ ಆತು. ಆದ್ರ ನೀ ಬೇಲಿ ನೋಡಿದಿ, ನಾ ಅಲ್ಲಿ ಇರಲಿಲ್ಲ. ಬ್ಯಾರೆ ಏನಂತ ತಿಳೀಬೇಕಾಗಿತ್ತು?

ದೊಡ್ಡಮಾವ ದುಕಾನದಾಗ ಕುಂತಿದ್ರು, ಗಿರಾಕಿ ಇದ್ರು. ನಾ ಹೋಗಿ ಮುಂದ ನಿಂತೆ. ಅವರು ಬಾಯಿ ತಗಿಯೂದರಾಗ ಹೇಳಿದೆ, “ನೀವು ಏನ ಅಂದ್ರೂ ನನಗ ಕೇಳಸೂದಿಲ್ಲ. ಅದಕ್ಕ ನಾ ಅಂದದ್ದ ಕೇಳ್ರಿ. ಮಡ್ಡಿ ನಂದು. ತಂತಿ ನಿಮ್ಮದು. ನಿಮ್ಮ ತಂತಿ ಸಂಜೀತನಕ ನಿಮ್ಮ ಬಾಗಲಕ್ಕ ಮುಟ್ಟತೈತಿ.”

ಹಾರ್ಡ್‌ವೇರ್ ದುಕಾನದಾಗ ಒಂದು ಕಟ್ಟರ್ ತಗೊಂಡು ಆಟೋ ಮಾಡಿಕೊಂಡು ಮಡ್ಡಿಗೆ ಹ್ವಾದೆ. ಬೀರವ್ವ ಬೇಲಿ ಹೊರಗ ಕುರಿ ನಿಂದ್ರಿಸಿಕೊಂಡು ಕುಂತಿದ್ಳು. ಅಕಿ ಕುರಿಗೂ ಹಾದಿ ಬಂದ್ ಆಗಿತ್ತು. ನನ್ನ ಕೈಯಾಗಿನ ಕಟ್ಟರ್ ನೋಡಿ ಅಕಿ ಎದ್ದಳು. ಏನ ಕೇಳಿದಳೋ ತಿಳೀಲಿಲ್ಲ, ತಂತಿ ತೋರಿಸಿದೆ. ಇಬ್ಬರೂ ಕೂಡಿ ಕತ್ತರಿಸಿದ್ವಿ. ಆ್ಯಂಗಲ್ ಅಕಿ ಅಲ್ಲಾಡಿಸಿ ಅಲ್ಲಾಡಿಸಿ ಕಿತ್ತಳು, ಬುಡಕ್ಕ ಸಿಮೆಂಟ್ ಹಾಕಿರಲಿಲ್ಲ, ಬರೇ ಕಲ್ಲು ಮಣ್ಣು ತುಂಬಿದ್ರು. ತಂತಿ ಸುತ್ತೂವಾಗ ಎಡ ಅಂಗೈ ಹರೀತು. ಇಂಜೆಕ್ಷನ್ ತಗೊಂಡೀನಿ, ಕಾಳಜಿ ಮಾಡಬ್ಯಾಡ. ಎಲ್ಲಾ ಟೆಂಪೋದಾಗ ಹೇರಿಸಿ, ಹೊತ್ತ ಮುಳುಗೂದರಾಗ ದುಕಾನದ ಮೆಟ್ಟಲ ಮುಂದ ಇಳಿಸಿದೆ.

ದೊಡ್ಡಮಾವ ಬಾಳ ಹೊತ್ತು ಬೈದ್ರು. ನಾ ಅವರ ತುಟಿ ನೋಡಲಿಲ್ಲ. ಮ್ಯಾಲಿನ ಖೋಲಿಯೊಳಗ ನನ್ನ ಒಲಿ ಬ್ಯಾರೆ ಮಾಡಿಕೊಂಡೀನಿ. ಇಷ್ಟು ವರ್ಷ ಎಲ್ಲಾರಿಗೂ ಅನ್ನಾ ಮಾಡಿ ಹಾಕಿದಾಕಿಗೆ ಒಬ್ಬಾಕಿಗೆ ಎಷ್ಟು ಅಕ್ಕಿ ಹಾಕಬೇಕಂತ ಅಂದಾಜ ಹತ್ತವಲ್ಲದು, ದಿನಾ ಉಳೀತೈತಿ.

ಯಂತ್ರ ಮತ್ತ ಯಾವಾಗ ಸಿಗತೈತಿ ಕೇಳಿ ತಿಳಸು. ಈ ಸಲ ಪತ್ರ ಮುಟ್ಟಿ ನನ್ನ ಉತ್ತರ ಬರೂತನಕ ಹೊರಡಬ್ಯಾಡ.

ಕಸ್ತೂರಬಾಯಿ


ಸೊಲ್ಲಾಪುರ
6 ಡಿಸೆಂಬರ್ 2024

ಅತ್ತಿ,

ಪುಣೆಯಿಂದ ನಿನ್ನಿ ಬಂದ್ವಿ. ಕೈ ಪೂರಾ ಮಾದೈತಿಲ್ರಿ? ಹೋದ ತಿಂಗಳ ಯಂತ್ರ ತಗೊಂಡು ಅಳಿಯಾಕ ಬಂದಾಗ, ಮಡ್ಡಿ ಮ್ಯಾಲ ನೀವು ಆ ಕೈಲೆನ ಬಿದಿರಿನ ಗಳಾ ಹಿಡದು ನಿಂತದ್ದು ನೋಡಿ ನನಗ ನಾಚಿಕಿ ಆತು. ಅದಕ್ಕ ಬೇಲಿ ವಿಷಯ ಅವತ್ತು ತಗೀಲಿಲ್ಲ. ಇಲ್ಲಿ ಬರೀತೀನಿ. ಕೇಳದ ನಿಮ್ಮ ಮ್ಯಾಲ ತಪ್ಪು ಹೊರಿಸಿದೆ. ಕ್ಷಮಾ ಮಾಡ್ರಿ.

ಬೀರವ್ವನ ಕುರಿ ಎರಡ ಸಲ ಗಳಾದ ನಡುವ ಬಂದು ನಿಂತು ಅಳತಿ ಕೆಡಿಸಿದ್ರೂ, ಅವತ್ತು ಮಡ್ಡಿ ಮ್ಯಾಲ ಸಿಕ್ಕ ಅಳತಿ ಖರೆ ಇತ್ತು. ಅದನ್ನ ಹಚ್ಚಿ ಮೂರನೇ ಸಲ ಬರದ ಮ್ಯಾಲ ಪುಣೆಯವರು ಕರದ್ರು.

ಅವರ ಪರೀಕ್ಷಾ ಖೋಲಿಯೊಳಗ ಅಮೋಲ ಸರ್ ಮೊದಲ ಕುಂತಿದ್ರು. ಗೇನ್ ಅಳೀಬೇಕು ಅಂದಾಗ ಅವರು ಎದ್ದು ನಿಂತು, ಇದು ಕರಾರಿನಾಗ ಇಲ್ಲ ಅಂದ್ರು. ತಪಾಸಣಿ ಮಾಡೂ ಹಿರಿಯರು ನನ್ನ ಕಡಿ ನೋಡಿದ್ರು.

“ಕರಾರಿನಾಗ ಇಲ್ಲ, ಖರೆ” ಅಂದೆ. “ಆದ್ರ ಡ್ರೋನ್ ನಿಮ್ಮ ಕರಾರು ಓದಿ ಬರೂದಿಲ್ರಿ.”

ಎರಡೂ ಅಳದ್ರು. ಫೋಮಿನದ್ದು ಗಿಡ್ಡ ತರಂಗದ ಕಡಿ ನಡೀತು, ಉದ್ದ ತರಂಗ ಬರೂದ ತಡ ನೆಲಾ ಹಿಡೀತು. ನಂದು ಬೀಳದ ನಿಂತಿತು ಅತ್ತಿ. ಕಟ್ಟಕಡೀಗೆ, ಎಲ್ಲಾದಕ್ಕಿಂತ ಉದ್ದ ತರಂಗದ ಹತ್ತರ, ಸ್ವಲ್ಪ ಕಡಿಮಿ ಬಿತ್ತು. ಹಿರಿಯರು ಬೆರಳಿಟ್ಟು ತೋರಿಸಿ, “ಇಲ್ಲಿ ಕೊರತಿ ಐತಲ್ಲ” ಅಂದ್ರು. “ಹೌದ್ರಿ, ಐತಿ. ನಿಮಗ ಕೊಟ್ಟ ಕಾಗದದಾಗ ನಾನ ಮೊದಲ ಬರದೀನಿ” ಅಂದೆ. ಅವರು ಹಾಳಿ ತಿರುವಿ ಓದಿ ಹೂಂ ಅಂತ ತಲಿ ಆಡಿಸಿದ್ರು.

ಹಳೇ ಆರ್ಡರ್ ನಿಲ್ಲಿಸ್ಯಾರ. ಇನ್ನ ಮುಂದ ಗೇನ್ ಸುದ್ದಾ ಕರಾರಿನಾಗ ಬರತೈತಿ. ಮಾರ್ಚ್‌ದಾಗ ಮತ್ತ ಪರೀಕ್ಷಾ, ಯಾರ ಬೇಕಾದ್ರೂ ತರಬಹುದು.

ಇದು ಗೆದ್ದಂಗ ಅಂತ ನೀವು ತಿಳೀತೀರಿ. ನನ್ನ ಕೂಡ ಕೆಲಸಾ ಮಾಡತಿದ್ದ ಕಾಜಲ ಅವತ್ತ ಫೋನ್ ಮಾಡಿದ್ಳು. “ನಿನ್ನ ಹಟದಿಂದ ನಮ್ಮ ಕೆಲಸಾ ನಿಂತಾವ, ಈಗ ನಿನಗ ಸಮಾಧಾನ ಆತೇನು?” ಅಂದ್ಳು.

ಇವತ್ತ ಮುಂಜಾನಿ ಅಮೋಲ ಸರ್ ನಮ್ಮ ದುಕಾನಕ್ಕ ಬಂದ್ರು. ನನ್ನ ಕಡಿ ನೋಡದ ಯೋಗಿರಾಜಗ ಹೇಳಾಕ ಹತ್ತಿದ್ರು, ನಿಮ್ಮ ಹೆಂಡತಿಗೆ ತಿಳಿಸಿ ಹೇಳ್ರಿ, ಹೊಳ್ಳಿ ಬರಲಿ ಅಂತ. ಯೋಗಿರಾಜ ಚಾದರ ಮಡಚಿಕೋಂತ, “ಅಕಿನ್ನ ಕೇಳ್ರಿ. ನಾ ಚಾದರ ಮಾರಾಂವ” ಅಂದ್ರು. ಅವರ ಬಾಯಿಂದ ಅಂಥಾ ಮಾತು ನಾ ಮೊದಲನೇ ಸಲ ಕೇಳಿದ್ದು.

ನಾ ಹೇಳಿದೆ. ಹೊಸಾ ಆಂಟೆನಾ ನಂದು, ಅದರ ಮ್ಯಾಲ ನನ್ನ ಹೆಸರ ಇರಬೇಕು. ಫೋಮ್ ಇರಬಾರದು. ಅಳತಿ ಹ್ಯಾಂಗ ಬರತೈತಿ ಹಂಗ ಬರೀಬೇಕು, ಕೊರತಿ ಇದ್ರ ಕೊರತಿ ಅಂತ. ನಿಂತ ಕೆಲಸದವರನ್ನ ಎಲ್ಲಾರನ್ನೂ ಹೊಳ್ಳಿ ಕರೀಬೇಕು, ಕಾಜಲನ್ನ ಮೊದಲ. ಅವರು, “ಕಾರ್ಖಾನಿ ನಂದೋ ನಿಂದೋ?” ಅಂದ್ರು. “ಕಾರ್ಖಾನಿ ನಿಮ್ಮದ್ರಿ” ಅಂದೆ. ಚಹಾ ಕುಡದು ಹ್ವಾದ್ರು. ಈಗ ಸಂಜಿ ಕಾಜಲ ಮತ್ತ ಫೋನ್ ಮಾಡಿದ್ಳು. ಸೋಮವಾರ ಬಾ ಅಂತ ಅಕಿಗೆ ಹೇಳ್ಯಾರಂತ. ನನಗೂ ಬಾ ಅಂತ ಅಕಿ ಬಾಯಿಲೆನ ಹೇಳಿ ಕಳಿಸ್ಯಾರ, ಮಾತಾಡಿದ್ದೆಲ್ಲಾ ಕಬೂಲ್ ಅಂತ.

ಸೋಮವಾರ ಹೋಗಾಕತ್ತೀನಿ. ಕಡೀ ತರಂಗದ ಕೊರತಿ ಮಾರ್ಚ್ ಒಳಗ ತುಂಬಬೇಕು. ಆಗತೈತೋ ಇಲ್ಲೋ ಗೊತ್ತಿಲ್ರಿ. ಒಂದು ಕಾಳಜಿ. ದತ್ತ ಜಯಂತಿ ಬಂತು, ದುಕಾನದಾಗ ಗದ್ಲ ಶುರು ಆಗತೈತಿ. ದೊಡ್ಡಮಾವ ಮತ್ತ ಗಲ್ಲೇದ ಮಾತು ತಗದು ನಿಮಗ ತ್ರಾಸ ಕೊಡತಾರೇನೋ.

ನಿಮ್ಮ
ಮಯೂರಿ


ಅಕ್ಕಲಕೋಟ
18 ಡಿಸೆಂಬರ್ 2024

ಮಯೂರಿಗೆ ಅತ್ತಿಯ ಆಶೀರ್ವಾದ.

ಕೈ ಮಾದೈತಿ. ಬೇಲಿ ಸುದ್ದಿ ಇನ್ನ ಬಿಡು.

ಕಾಜಲನ ಮಾತು ಮನಸಿಗೆ ಹಚ್ಚಿಕೊಳ್ಳಬ್ಯಾಡ ಅಂತ ನಾ ಬರಿಯೂದಿಲ್ಲ. ಹಚ್ಚಿಕೊಳ್ಳೂ ಮಾತ ಅದು. ಅಕಿ ಕೂಡ ಕುಂತು ಊಟಾ ಮಾಡು, ಹೇಳೂದಿದ್ರ ಹೇಳು, ಅಕಿ ಹೇಳಿದ್ದೂ ಕೇಳು.

ದತ್ತ ಜಯಂತಿ ದಿನ ಮುಂಜಾನಿಯಿಂದ ಓಣಿ ತುಂಬ ಮಂದಿ. ನೀ ಅಂದಂಗ ಆತು. ದೊಡ್ಡಮಾವ ಯೋಗಿರಾಜಗ ಫೋನ್ ಮಾಡಿದ್ರು, ಹೆಂಡತಿನ್ನ ಕರಕೊಂಡು ಬಾ ಅಂತ ಇರಬೇಕು. ನಿನ್ನ ಗಂಡ ಫೋನ ಎತ್ತಲಿಲ್ಲ. ದೊಡ್ಡಮಾವ ಮತ್ತ ಮತ್ತ ಹಚ್ಚಿದ್ರು. ಆಳು ಮಂದಿ ಮಾಲು ತಗದು ತೋರಸೂದ್ರಾಗ ಹೈರಾಣ, ಗಲ್ಲೇದ ಹತ್ತರ ಯಾರೂ ಇಲ್ಲ. ಗಿರಾಕಿ ಚಾದರ ಹಿಡಕೊಂಡು ನಿಂತಾರ.

ನಾ ಮ್ಯಾಲಿನಿಂದ ಇಳದು ಬಂದು ಗಲ್ಲೇದ ಮ್ಯಾಲ ಕುಂತೆ.

ನಾ ಈ ಮನಿಗೆ ಬಂದಾಗಿನಿಂದ ಅಲ್ಲಿ ಹೆಣ್ಣಮಗಳು ಕುಂತಿಲ್ಲ. ನಿನಗ ಕುಂದ್ರು ಅಂದದ್ದೂ ತಮ್ಮ ಕಣ್ಣ ಮುಂದ ಇಟಗೊಳ್ಳಾಕ ಅಂತ ನನಗ ಗೊತ್ತಿತ್ತು. ದೊಡ್ಡಮಾವ ಬಂದು ಎದುರಿಗೆ ನಿಂತ್ರು. ಏನೇನೋ ಅಂದ್ರು. ಒಬ್ಬ ಗಿರಾಕಿ ಅವರನ್ನ ಬಾಜೂಕ ಸರಿಸಿ ನನ್ನ ಮುಂದ ಟಾವೆಲ್ ಇಟ್ಟ. ರೇಟು ಬರದ ಚೀಟಿ ತೋರಿಸಿದೆ. ಅಂವ ಕಡಿಮಿ ಮಾಡ್ರಿ ಅಂತ ಬಾಯಿ ಆಡಿಸಿದ, ಕೈ ಮುಗದ, ನಕ್ಕ. ನನಗ ಕೇಳಸೂದಿಲ್ಲಂತ ಕಿವಿ ಮುಟ್ಟಿ ತೋರಿಸಿದೆ. ಚೀಟಿಯೊಳಗ ಇದ್ದಷ್ಟು ಕೊಟ್ಟು ಹ್ವಾದ. ಅವನ ಹಿಂದಿನಾಂವನೂ ಕೊಟ್ಟ. ಸಂಜೀತನಕ ಒಬ್ಬರೂ ನನ್ನ ಕೂಡ ಚೌಕಾಶಿ ಮಾಡಲಿಲ್ಲ. ದೊಡ್ಡಮಾವ ಮೊದಲ ಬಾಗಲದಾಗ ನಿಂತಿದ್ರು, ಆಮ್ಯಾಲ ತಾವ ಮಾಲು ತಗದು ಕೊಡಾಕ ಹತ್ತಿದ್ರು, ಕಡೀಗೆ ಒಂದು ಕಪ್ ಚಹಾ ನನ್ನ ಬಾಜೂಕ ಇಟ್ಟು ಹ್ವಾದ್ರು. ಮಾತು ಇನ್ನಾ ಇಲ್ಲ.

ಮರದಿನಾನೂ ಕುಂತೆ. ಇವತ್ತೂ ಕುಂತು, ಗಿರಾಕಿ ಇಲ್ಲದ ಹೊತ್ತಿನ್ಯಾಗ ಇದನ್ನ ಬರಿಯಾಕತ್ತೀನಿ. ನಾಳಿನೂ ಕುಂದರತೀನಿ. ಏಳು ಅಂತ ಯಾರರ ಅಂದ್ರ ಅವರು ಬರದು ಕೊಡಬೇಕು, ಕನ್ನಡದಾಗ.

ನಿನ್ನ ಕೆಲಸಕ್ಕ ನೀ ಕುಂದ್ರು.

ಕಸ್ತೂರಬಾಯಿ